ಹೊಸ ಮಾಡೆಲ್ ಗಾಡಿ ಈಗಲೇ ತಗೊಳ್ಳಲಾ, ಒಂದು ಮಳೆಗಾಲ ಕಳೀಲಿ ಅಂತ ಕಾಯಲಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮನೆಯಲ್ಲಿ 2013ರ ಡೀಸೆಲ್ ಹ್ಯಾಚ್‌ಬ್ಯಾಕ್ ಇದೆ. 1.4 ಲಕ್ಷ ಕಿಲೋಮೀಟರ್ ಓಡಿದೆ, ಇನ್ನೂ ಕೈಕೊಟ್ಟಿಲ್ಲ. ಜನವರಿಯಲ್ಲಿ ಬಿಡುಗಡೆಯಾದ ಒಂದು ಎಸ್‌ಯುವಿ ಮೇಲೆ ಮನಸ್ಸಾಗಿದೆ. ಹೊಸ ಟರ್ಬೊ ಪೆಟ್ರೋಲ್ ಎಂಜಿನ್, ಡಿಸಿಟಿ ಅನ್ನುವ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎಕ್ಸ್ ಶೋರೂಂ 16 ಲಕ್ಷದ ಆಸುಪಾಸು. ಕೈಯಲ್ಲಿ 9 ಲಕ್ಷ ಇದೆ, ಉಳಿದದ್ದು ಸಾಲ. ಈ ತಿಂಗಳು, ಅಂದರೆ ಮಾರ್ಚ್ ಒಳಗೆ ಬುಕ್ ಮಾಡಿದರೆ ಆರಂಭದ ಬೆಲೆ, ಆಮೇಲೆ 50 ಸಾವಿರ ಏರುತ್ತದೆ ಎನ್ನುತ್ತಾರೆ ಶೋರೂಂನವರು. ಹೊಸ ಮಾಡೆಲ್ಲನ್ನು ಮೊದಲ ವರ್ಷ ಮುಟ್ಟಬೇಡ ಎನ್ನುತ್ತಾನೆ ತಮ್ಮ. ಅಮ್ಮನನ್ನು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕಂಪನಿಯ ಸರ್ವಿಸ್ ಸೆಂಟರ್ ಇರುವುದು 60 ಕಿಲೋಮೀಟರ್ ಆಚೆ ಶಿವಮೊಗ್ಗದಲ್ಲಿ. ಏನು ಮಾಡಲಿ ಸರ್?

ಉತ್ತರ: ಕಾಯಿರಿ. ಈ ಮಳೆಗಾಲ ಕಳೆದು ದೀಪಾವಳಿ ಬರುವವರೆಗೆ ಕಾಯಿರಿ.

ಹಾಗಂತ ನಿಮ್ಮ ತಮ್ಮ ಹೇಳಿದ್ದು ಎಲ್ಲರಿಗೂ ಅನ್ವಯಿಸುತ್ತದೆ ಅಂತಲ್ಲ. ಇದೇ ಪ್ರಶ್ನೆಯನ್ನು ಬೆಂಗಳೂರಿನ ಜಯನಗರದಿಂದ ಯಾರಾದರೂ ಕೇಳಿದ್ದರೆ, ಮನೆಯಲ್ಲಿ ಇನ್ನೊಂದು ಗಾಡಿ ಇದ್ದಿದ್ದರೆ, ನಾನು ಬುಕ್ ಮಾಡಿ ಅಂತಲೇ ಬರೆಯುತ್ತಿದ್ದೆ. ನಿಮಗೆ ಬೇಡ ಅನ್ನುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಎಂಜಿನ್ ಹೊಸದು, ಗೇರ್‌ಬಾಕ್ಸ್ ಹೊಸದು, ವರ್ಕ್‌ಶಾಪ್ ದೂರ, ಜೊತೆಗೆ ಅಮ್ಮನ ಆಸ್ಪತ್ರೆ. ಹಳೇ ಗಾಡಿ ಇನ್ನೂ ಓಡುತ್ತಿದೆ ಅನ್ನುವುದೂ ಇದೆ. ಅದೇ ನಿಮ್ಮ ದೊಡ್ಡ ಬಲ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾರುಗಳ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದವನು. ಹೊಸ ಮಾಡೆಲ್ ಬಂದಾಗ ಏನಾಗುತ್ತದೆ ಅನ್ನುವುದನ್ನು ಶೋರೂಂ ಕಡೆಯಿಂದಲ್ಲ, ಹಿಂದಿನ ಶೆಡ್ಡಿನ ಕಡೆಯಿಂದ ನೋಡಿದ್ದೇನೆ. ಅಲ್ಲಿ ಕಂಡ ಒಂದು ಪ್ರಸಂಗ ಹೇಳುತ್ತೇನೆ.

ಒಂದು ಜುಲೈ ತಿಂಗಳು. ಆ ವರ್ಷವಷ್ಟೇ ಬಂದಿದ್ದ ಮಾಡೆಲ್. ಸಾಗರದ ಕಡೆಯ ಮೇಷ್ಟ್ರೊಬ್ಬರು ಗಾಡಿ ತಂದರು. ಎಡಗಡೆ ಮುಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿದರೆ ನೀರು. ನಾವು ಎಸಿ ನೀರು ಹೋಗುವ ಪೈಪು ಕಟ್ಟಿರಬೇಕು ಅಂದುಕೊಂಡೆವು. ಅದನ್ನು ಬಿಡಿಸಿ, ಕಾರ್ಪೆಟ್ ಒಣಗಿಸಿ ಕಳಿಸಿದೆವು. ಹತ್ತು ದಿನಕ್ಕೆ ಮತ್ತೆ ಬಂದರು. ಈ ಸಲ ಬಾಗಿಲಿನ ರಬ್ಬರ್ ಬೀಡಿಂಗ್ ಬದಲಾಯಿಸಿದೆವು. ಮೂರನೇ ಸಲ ಬಂದಾಗ ಅವರು ಮಾತೇ ಆಡಲಿಲ್ಲ, ಕೀ ಕೊಟ್ಟು ಬೆಂಚಿನ ಮೇಲೆ ಕೂತರು. ಅವತ್ತು ಡ್ಯಾಶ್‌ಬೋರ್ಡ್ ಅರ್ಧ ಬಿಚ್ಚಿದೆವು. ಹುಡುಗನೊಬ್ಬ ಟಾರ್ಚ್ ಹಿಡಿದು ಒಳಗೆ ಮಲಗಿದ. ಹೊರಗಿನಿಂದ ನಾನು ವೈಪರ್ ಬುಡಕ್ಕೆ ಪೈಪಿನಲ್ಲಿ ನೀರು ಬಿಟ್ಟೆ. ಗ್ಲೋವ್ ಬಾಕ್ಸ್ ಹಿಂದೆ, ಎರಡು ತಗಡು ಕೂಡುವ ಕಡೆ, ಸೀಲರ್ ಅರ್ಧ ಬೆರಳಿನಷ್ಟು ಉದ್ದ ಬಿಟ್ಟುಹೋಗಿತ್ತು. ಅಲ್ಲಿಂದ ನೀರು ದಾರದ ಹಾಗೆ ಇಳಿಯುತ್ತಿತ್ತು. ಸೀಲರ್ ಹಚ್ಚಲು ಹಿಡಿದದ್ದು ಐದು ನಿಮಿಷ. ಅದನ್ನು ಹುಡುಕಲು ಮೇಷ್ಟ್ರು ಮೂರು ಸಲ ಶಾಲೆಗೆ ರಜೆ ಹಾಕಿದ್ದರು.

ಎರಡು ತಿಂಗಳಾದ ಮೇಲೆ ಕಂಪನಿಯಿಂದ ಒಂದು ಸುತ್ತೋಲೆ ಬಂತು. ಈ ಜಾಗ ನೋಡಿ, ಹೀಗೆ ಸೀಲ್ ಮಾಡಿ, ಇಂಥ ಚಾಸಿ ನಂಬರಿನ ನಂತರದ ಗಾಡಿಗಳಲ್ಲಿ ಕಾರ್ಖಾನೆಯಲ್ಲೇ ಸರಿಮಾಡಿದ್ದೇವೆ ಅಂತ. ಆಮೇಲೆ ಬಂದ ಗಾಡಿಗಳಲ್ಲಿ ಆ ದೂರು ಬರಲೇ ಇಲ್ಲ. ಗಾಡಿ ಅದೇ, ಹೆಸರು ಅದೇ, ಬಣ್ಣ ಅದೇ. ಆರು ತಿಂಗಳು ತಡವಾಗಿ ತಗೊಂಡವರಿಗೆ ಇಂಥದ್ದೊಂದು ತೊಂದರೆ ಇತ್ತು ಅನ್ನುವುದೇ ಗೊತ್ತಾಗಲಿಲ್ಲ.

ಹೊಸ ಮಾಡೆಲ್ ಅಂದರೆ ಇಷ್ಟೇ. ಬಿಡುಗಡೆಗೆ ಮುಂಚೆ ಕಂಪನಿಗಳು ಗಾಡಿಯನ್ನು ಲಡಾಖ್‌ನ ಚಳಿಯಲ್ಲಿ, ರಾಜಸ್ಥಾನದ ಬಿಸಿಲಲ್ಲಿ ಓಡಿಸಿ ನೋಡುತ್ತವೆ, ಅದರಲ್ಲಿ ಮೋಸವಿಲ್ಲ. ಆದರೆ ಓಡಿಸುವವರು ಪಳಗಿದ ಡ್ರೈವರ್‌ಗಳು. ಆ ಗಾಡಿ ಮಲೆನಾಡಿನ ಶೆಡ್ಡಿನಲ್ಲಿ ನಾಲ್ಕು ದಿನ ಜಡಿಮಳೆಗೆ ಸುಮ್ನೆ ನಿಂತಿರುವುದಿಲ್ಲ. ಅದರ ಬಾನೆಟ್ ಒಳಗೆ ಇಲಿ ಸೇರಿಕೊಳ್ಳುವುದಿಲ್ಲ. (ಇಲಿ ಕಡಿದ ವೈರಿಗೆ ವಾರಂಟಿ ಬರುವುದಿಲ್ಲ, ಇದು ತೋಟದ ಮನೆಯವರಿಗೆ ನೆನಪಿರಲಿ.) ಇನ್ನೂ ಒಂದು ವಿಷಯ ಇದೆ. ಪರೀಕ್ಷೆಗೆ ಓಡಿಸುವುದು ಬೆರಳೆಣಿಕೆಯ ಗಾಡಿ. ಕಾರ್ಖಾನೆಯಲ್ಲಿ ತಿಂಗಳಿಗೆ ಸಾವಿರಾರು ಗಾಡಿ ಹೊರಬರಲು ಶುರುವಾದಾಗ ಹೊಸ ಅಚ್ಚು, ಹೊಸ ಸಪ್ಲೈಯರ್, ಹೊಸ ಕೈ, ಎಲ್ಲವೂ ಪಳಗಬೇಕು. ಆ ಪಳಗುವ ಕಾಲದಲ್ಲಿ ಮೇಲಿನ ಸೀಲರ್ ಥರದ್ದು ಬಿಟ್ಟುಹೋಗುತ್ತದೆ.

ದೊಡ್ಡ ಉದಾಹರಣೆ ಬೇಕಾದರೆ ಎಲ್ಲರಿಗೂ ಗೊತ್ತಿರುವ ಎಕ್ಸ್‌ಯುವಿ700 ತಗೊಳ್ಳಿ. ಮಹೀಂದ್ರಾ ಅದನ್ನು ತೋರಿಸಿದ್ದು 2021ರ ಆಗಸ್ಟ್‌ನಲ್ಲಿ, ಬೆಲೆ 11.99 ಲಕ್ಷದಿಂದ ಶುರು. ಅಕ್ಟೋಬರ್ 7ಕ್ಕೆ ಬುಕಿಂಗ್ ತೆರೆದಾಗ 57 ನಿಮಿಷದಲ್ಲಿ 25 ಸಾವಿರ ಬುಕಿಂಗ್ ಆಯಿತು. ಆರಂಭದ ಬೆಲೆ ಆ 25 ಸಾವಿರ ಜನಕ್ಕೆ ಮಾತ್ರ. ನಂತರದವರಿಗೆ ವೇರಿಯೆಂಟ್ ನೋಡಿಕೊಂಡು 50 ಸಾವಿರದವರೆಗೆ ಏರಿತು. ನಿಮ್ಮ ಶೋರೂಂನವರು ಹೇಳುವ ಲೆಕ್ಕವೇ, ಅಲ್ವಾ? ಅವತ್ತು ಬುಕ್ ಮಾಡಿದವರ ಕೈಯಲ್ಲಿ ಕ್ರ್ಯಾಶ್ ಟೆಸ್ಟ್ ಫಲಿತಾಂಶ ಇರಲಿಲ್ಲ. ಆ ಟೆಸ್ಟ್ ಮಾಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 5 ಸ್ಟಾರ್ ಕೊಟ್ಟದ್ದು ನವೆಂಬರ್‌ನಲ್ಲಿ. ಟಾಪ್ ಮಾಡೆಲ್ ಬೇಕೆಂದವರು ಎಷ್ಟೋ ಜನ ಒಂದು ವರ್ಷಕ್ಕೂ ಮೇಲೆ ಕಾದರು.

ಆಮೇಲಿನ ಕಥೆ ನೋಡಿ. 2022ರ ಡಿಸೆಂಬರ್‌ನಲ್ಲಿ 12,566 ಗಾಡಿಗಳನ್ನು ವಾಪಸ್ ಕರೆದು ತಪಾಸಣೆ ಮಾಡಿದರು. ಮ್ಯಾನುವಲ್ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚುವ ಕವಚದ ಒಳಗಿನ ಒಂದು ರಬ್ಬರ್ ಭಾಗದ ತೊಂದರೆ. 2023ರ ಆಗಸ್ಟ್‌ನಲ್ಲಿ ಇನ್ನೊಂದು ರಿಕಾಲ್, ಈ ಸಲ 1,08,306 ಗಾಡಿ. ಎಂಜಿನ್ ಜಾಗದಲ್ಲಿ ಹಾದುಹೋಗುವ ವೈರಿಂಗ್ ಉಜ್ಜಿ ಸವೆಯಬಹುದು ಅಂತ. 2021ರ ಜೂನ್‌ನಿಂದ ಎರಡು ವರ್ಷ ತಯಾರಾದ ಗಾಡಿಗಳು ಅದರಲ್ಲಿ ಸೇರಿದ್ದವು. ಕೊನೆಗೆ 2024ರ ಜುಲೈನಲ್ಲಿ ಟಾಪ್ ವೇರಿಯೆಂಟ್‌ಗಳ ಬೆಲೆಯನ್ನೇ ಕಂಪನಿ ಇಳಿಸಿತು, ಕೆಲವಕ್ಕೆ ಎರಡು ಲಕ್ಷಕ್ಕೂ ಜಾಸ್ತಿ.

ಆ ಗಾಡಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಅದು ಒಳ್ಳೆಯ ಗಾಡಿ, ಈಗಲೂ ಧೈರ್ಯವಾಗಿ ಹೇಳುತ್ತೇನೆ. ರಿಕಾಲ್ ಅನ್ನುವುದು ನಾಚಿಕೆಯ ವಿಷಯವೂ ಅಲ್ಲ. ತಪ್ಪನ್ನು ಒಪ್ಪಿ, ದುಡ್ಡು ತಗೊಳ್ಳದೆ ಸರಿಮಾಡುವ ಕಂಪನಿಯೇ ಮೇಲು. ನಮ್ಮ ದೇಶದಲ್ಲಿ 2012ರಲ್ಲಿ ಕಂಪನಿಗಳು ತಾವಾಗಿಯೇ ಇದನ್ನು ಶುರುಮಾಡಿದವು. 2021ರ ಏಪ್ರಿಲ್‌ನಿಂದ ರಿಕಾಲ್ ಮಾಡಿಸುವ ಅಧಿಕಾರ ಸರ್ಕಾರಕ್ಕೂ ನಿಯಮದ ಪ್ರಕಾರ ಬಂದಿದೆ. ನಾನು ಹೇಳುವುದು ಇಷ್ಟೇ: ಮೊದಲ ಗಂಟೆಯಲ್ಲಿ ಬುಕ್ ಮಾಡಿದವರು ಬೆಲೆಯಲ್ಲಿ ಉಳಿಸಿದರು, ವರ್ಕ್‌ಶಾಪ್ ಓಡಾಟದಲ್ಲಿ ಅದರ ಒಂದಂಶ ಕಳೆದರು. ಓಡಾಟ ಊರೊಳಗೇ ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದು ಹೋಗಿ ಬರಲು 120 ಕಿಲೋಮೀಟರ್, ಒಂದು ದಿನ.

ಎಂಜಿನ್ ಹಳೆಯದಾದರೆ ಭಯವಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಮುಕ್ಕಾಲು ನಿಜ. ನಮ್ಮ ಬಿಡದಿಯಲ್ಲೇ ತಯಾರಾಗುವ ಮಾರುತಿ ಗ್ರ್ಯಾಂಡ್ ವಿಟಾರಾ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ ಅದರ ಸಾಮಾನ್ಯ ಪೆಟ್ರೋಲ್ ಎಂಜಿನ್ ಆಗಲೇ ಎರ್ಟಿಗಾ, ಬ್ರೆಜಾಗಳಲ್ಲಿ ಓಡುತ್ತಿತ್ತು, ಎಂಜಿನ್ ಬಗ್ಗೆ ಚಿಂತೆ ಇರಲಿಲ್ಲ. ಆದರೂ 2023ರ ಜನವರಿಯಲ್ಲಿ 11,177 ಗಾಡಿ ವಾಪಸ್ ಕರೆದರು. ಹಿಂದಿನ ಸೀಟ್ ಬೆಲ್ಟ್ ಹಿಡಿದುಕೊಳ್ಳುವ ಬ್ರ್ಯಾಕೆಟ್ಟಿನ ದೋಷಕ್ಕೆ. ಮೊದಲ ತಿಂಗಳುಗಳಲ್ಲಿ ತಯಾರಾದ ಗಾಡಿಗಳವು. ಕಿಯಾ ಕ್ಯಾರೆನ್ಸ್ ಬಂದದ್ದು 2022ರ ಫೆಬ್ರವರಿಯಲ್ಲಿ, ಅಕ್ಟೋಬರ್ ಹೊತ್ತಿಗೆ 44,174 ಗಾಡಿಗಳಿಗೆ ಏರ್‌ಬ್ಯಾಗ್ ಕಂಟ್ರೋಲ್ ಸಾಫ್ಟ್‌ವೇರ್ ಪರೀಕ್ಷೆ. ಎರಡೂ ಬಿಡುಗಡೆಯಾದ ನಾಲ್ಕರಿಂದ ಎಂಟು ತಿಂಗಳೊಳಗೆ ಹೊರಬಿದ್ದವು. ದೀಪಾವಳಿವರೆಗೆ ಅಂತ ನಾನು ಹೇಳಿದ ಗಡುವು ಅಂದಾಜಿನದೇ, ಆದರೆ ಇಂಥವನ್ನು ನೋಡಿ ಕಟ್ಟಿದ ಅಂದಾಜು.

ಈಗ ನಿಮ್ಮ ಗೇರ್‌ಬಾಕ್ಸ್. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಯೋಚನೆ ಹತ್ತಿಸಿದ್ದು ಇದೇ. ಡಿಸಿಟಿ ಒಳಗೆ ಎರಡು ಕ್ಲಚ್ ಇರುತ್ತವೆ. ಒಂದು ಬೆಸ ಸಂಖ್ಯೆಯ ಗೇರಿಗೆ, ಇನ್ನೊಂದು ಸರಿ ಸಂಖ್ಯೆಯ ಗೇರಿಗೆ. ಹೆದ್ದಾರಿಯಲ್ಲಿ ಇದರಷ್ಟು ಚುರುಕಾದ ಆಟೊಮ್ಯಾಟಿಕ್ ಇನ್ನೊಂದಿಲ್ಲ. ಕಷ್ಟ ಬರುವುದು ನಿಧಾನದಲ್ಲಿ ಏರುವಾಗ. ಆಗುಂಬೆಯ 14 ತಿರುವು ನಿಮಗೆ ನಾನು ಹೇಳಬೇಕಾಗಿಲ್ಲ. ಮಣಿಪಾಲದಿಂದ ಸಂಜೆ ವಾಪಸ್ ಬರುತ್ತಿದ್ದೀರಿ, ಸೋಮೇಶ್ವರ ದಾಟಿ ಏರು ಶುರುವಾಗಿದೆ, ಮುಂದೆ ಒಂದು ಮಿನಿ ಬಸ್ಸು. ತಿರುವಿನಲ್ಲಿ ಅದು ನಿಲ್ಲುತ್ತದೆ, ನೀವೂ ನಿಲ್ಲುತ್ತೀರಿ. ಅದು ಜಗ್ಗಿದಾಗ ನೀವೂ ಇಂಚಿಂಚು ಜಗ್ಗಬೇಕು. ಆ ಇಂಚಿನಲ್ಲಿ ಕ್ಲಚ್ ಪೂರ್ತಿ ಹಿಡಿದಿರುವುದಿಲ್ಲ, ಉಜ್ಜುತ್ತಿರುತ್ತದೆ. ಉಜ್ಜಿದರೆ ಬಿಸಿ. ಒಣ ಕ್ಲಚ್ ಆದರೆ ಆ ಬಿಸಿ ಹೋಗಲು ಗಾಳಿ ಬಿಟ್ಟು ದಾರಿಯಿಲ್ಲ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಆದರೆ ಎಣ್ಣೆ ಬಿಸಿಯನ್ನು ಎಳೆದುಕೊಳ್ಳುತ್ತದೆ, ತಾಳಿಕೆ ಜಾಸ್ತಿ. ಬಿಸಿ ಮಿತಿ ಮೀರಿದರೆ ಮೀಟರಿನಲ್ಲಿ ಎಚ್ಚರಿಕೆ ಬರುತ್ತದೆ, ಗಾಡಿ ನಿಲ್ಲಿಸಿ ಆರಲು ಬಿಡಿ ಅನ್ನುತ್ತದೆ. ಅಮ್ಮನನ್ನು ಹಿಂದೆ ಕೂರಿಸಿಕೊಂಡು, ಮಳೆಯಲ್ಲಿ, ಎಂಟನೇ ತಿರುವಿನಲ್ಲಿ ನಿಲ್ಲಿಸಲು ಜಾಗವೆಲ್ಲಿದೆ?

ಶೋರೂಂಗೆ ಹೋದಾಗ ಇದು ಒಣ ಕ್ಲಚ್ಚಾ, ಎಣ್ಣೆಯದ್ದಾ ಅಂತ ಕೇಳಿ. ಸೇಲ್ಸ್ ಹುಡುಗರಿಗೆ ಗೊತ್ತಿಲ್ಲದಿದ್ದರೆ ಸರ್ವಿಸ್ ಮ್ಯಾನೇಜರನ್ನು ಕರೆಸಿ. ಅದೇ ಗಾಡಿಯಲ್ಲಿ ಟಾರ್ಕ್ ಕನ್ವರ್ಟರ್ (ಉಜ್ಜುವ ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಬಲ ದಾಟಿಸುವ) ಆಟೊಮ್ಯಾಟಿಕ್ ಸಿಗುವ ಎಂಜಿನ್ ಇದ್ದರೆ ನಿಮ್ಮ ದಾರಿಗೆ ಅದೇ ಒಳ್ಳೆಯದು. ಮೈಲೇಜ್ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ. ಮ್ಯಾನುವಲ್ ಓಡಿಸಲು ನಿಮ್ಮ ಮಂಡಿ ಒಪ್ಪಿದರೆ ಇನ್ನೂ ನಿಶ್ಚಿಂತೆ.

50 ಸಾವಿರದ ಮಾತಿಗೆ ಬರೋಣ. ಏರಿಕೆ ನಿಜವೇ ಅಂತ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 10 ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ 17 ಪರ್ಸೆಂಟ್, ಅದರ ಮೇಲೆ ಸೆಸ್. ಹಾಗಾಗಿ ಬೆಲೆ 50 ಸಾವಿರ ಏರಿದರೆ ಆನ್‌ರೋಡ್‌ನಲ್ಲಿ 60 ಸಾವಿರದ ಹತ್ತಿರ ಆಗುತ್ತದೆ. ಇದು ಸಣ್ಣ ದುಡ್ಡಲ್ಲ. ಇನ್ನೊಂದು ಕಡೆ ನಿಮ್ಮ 9 ಲಕ್ಷ ಎಂಟು ತಿಂಗಳು ಬ್ಯಾಂಕಿನಲ್ಲಿ ಕೂತರೆ, ಆರೂವರೆ ಪರ್ಸೆಂಟ್ ಬಡ್ಡಿ ಅಂತ ಹಿಡಿದರೂ 39 ಸಾವಿರ ಬರುತ್ತದೆ. ಉಳಿಯುವ ವ್ಯತ್ಯಾಸ 20 ಸಾವಿರದಷ್ಟು. ಒಂದು ಮಳೆಗಾಲದ ನೆಮ್ಮದಿಗೆ ಅಷ್ಟು ಕೊಡಬಹುದು ಅಂತ ನನ್ನ ಅಭಿಪ್ರಾಯ. ಹಬ್ಬದ ಹೊತ್ತಿಗೆ ಆಫರ್ ಏನಾದರೂ ಬಂದರೆ ಅದೂ ಬೇಕಿಲ್ಲ.

ಕಾದವರೇ ಯಾವಾಗಲೂ ಗೆದ್ದಿದ್ದಾರೆ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನೇ ನೋಡಿ. 2022ರ ಬೇಸಿಗೆಯಲ್ಲಿ ಅಲ್ಲಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿತು. ಆ ವರ್ಷದ ಡಿಸೆಂಬರ್‌ನಿಂದ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಯಾಯಿತು, 2023ರ ಮಾರ್ಚ್ ಕೊನೆಗೆ ಇನ್ನಷ್ಟು ಬಿಗಿಯಾಯಿತು. ಅಲ್ಲಿಯವರೆಗೆ ಕಾದವರಿಗೆ ಹೆಚ್ಚು ಸುರಕ್ಷಿತವಾದ ಸ್ಕೂಟರ್ ಸಿಕ್ಕಿತು. ಆದರೆ ಇನ್ನೂ ಎರಡು ತಿಂಗಳು ನೋಡೋಣ ಅಂದವರಿಗೆ ಪೆಟ್ಟು ಬಿತ್ತು. 2023ರ ಜೂನ್ 1ರಿಂದ ಕೇಂದ್ರದ ಸಬ್ಸಿಡಿಯ ಮಿತಿ ಬೆಲೆಯ 40 ಪರ್ಸೆಂಟ್‌ನಿಂದ 15ಕ್ಕೆ ಇಳಿಯಿತು. ಕಾರಿನಲ್ಲಿ ಇದರ ಉಲ್ಟಾ ಆದದ್ದೂ ಇದೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ, ಹಿಂದಿನ ತಿಂಗಳಷ್ಟೇ ಸಣ್ಣ ಕಾರು ತಗೊಂಡವರು ಕೈ ಹಿಸುಕಿಕೊಂಡರು. ತೆರಿಗೆ, ಸಬ್ಸಿಡಿಗಳ ದಿಕ್ಕನ್ನು ಯಾರೂ ಮುಂಚೆಯೇ ಹೇಳಲಾರರು. ಅದನ್ನು ನಂಬಿ ಕಾಯಬೇಡಿ. ಗಾಡಿ ಪಳಗಲಿ ಅಂತ ಕಾಯಿರಿ, ಗಡುವು ಹಾಕಿಕೊಂಡು ಕಾಯಿರಿ.

ಕಾಯುವುದಕ್ಕೆ ಒಂದು ಷರತ್ತಿದೆ. ಎಂಟು ತಿಂಗಳು ಅಮ್ಮ ಓಡಾಡುವುದು ಹಳೇ ಗಾಡಿಯಲ್ಲಿ. ಅದರ ಟೈರ್ ನೋಡಿ. ನಾಲ್ಕು ವರ್ಷಕ್ಕಿಂತ ಹಳೆಯದಾಗಿದ್ದರೆ, ಇಲ್ಲವೇ ಗೀರು ಸವೆದಿದ್ದರೆ, ಮೇ ತಿಂಗಳೊಳಗೆ ನಾಲ್ಕನ್ನೂ ಬದಲಾಯಿಸಿ. ಬ್ರೇಕ್ ಪ್ಯಾಡ್, ವೈಪರ್, ಬ್ಯಾಟರಿ ಕೂಡ. ಇದಕ್ಕೆ 25-30 ಸಾವಿರ ಆಗಬಹುದು, ಚೌಕಾಸಿ ಮಾಡಬೇಡಿ. ಮಾರುವಾಗ ಅದರಲ್ಲಿ ಒಂದಷ್ಟು ವಾಪಸ್ ಬರುತ್ತದೆ. ನಿಮ್ಮ ಹಳೇ ಗಾಡಿಯಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ ಅನ್ನುವುದಾದರೆ ನನ್ನ ಸಲಹೆ ಸ್ವಲ್ಪ ಬದಲಾಗುತ್ತದೆ. ಆಗ ಎಂಟು ತಿಂಗಳು ಅದರಲ್ಲಿ ಘಾಟಿ ಹತ್ತಿ ಇಳಿಯುವುದಕ್ಕಿಂತ, ಎರಡು ಮೂರು ವರ್ಷದಿಂದ ಮಾರುಕಟ್ಟೆಯಲ್ಲಿರುವ, ಕ್ರ್ಯಾಶ್ ಟೆಸ್ಟ್ ಆಗಿರುವ ಬೇರೆ ಗಾಡಿಯನ್ನು ಈಗಲೇ ತಗೊಳ್ಳಿ. ಮನಸ್ಸಾದ ಗಾಡಿ ಬಿಡುವುದು ಕಷ್ಟ, ಗೊತ್ತು. ಆದರೂ ಹೇಳುತ್ತೇನೆ.

ಈ ತಿಂಗಳುಗಳಲ್ಲಿ ಸುಮ್ನೆ ಕೂರಬೇಡಿ. ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಹೇಗೂ ಹೋಗುತ್ತೀರಿ. ಒಂದು ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆ ಸರ್ವಿಸ್ ಸೆಂಟರ್ ಗೇಟಿನ ಹತ್ತಿರ ಅರ್ಧ ಗಂಟೆ ನಿಲ್ಲಿ. ನಿಮ್ಮ ಮಾಡೆಲ್ ಎಷ್ಟು ಬರುತ್ತವೆ, ಅದರ ಮಾಲೀಕರ ಮುಖ ಹೇಗಿದೆ ನೋಡಿ, ಮಾತಾಡಿಸಿ. ಬೇಜಾರಾದ ಮಾಲೀಕ ಕೇಳದಿದ್ದರೂ ಹೇಳುತ್ತಾನೆ. ಆಮೇಲೆ ಒಳಗೆ ಹೋಗಿ ಸರ್ವಿಸ್ ಅಡ್ವೈಸರ್ ಹತ್ತಿರ ಕೇಳಿ: ಈ ಗೇರ್‌ಬಾಕ್ಸ್ ಬಗ್ಗೆ ನಿಮ್ಮ ಮೆಕ್ಯಾನಿಕ್ ಯಾರಾದರೂ ಟ್ರೇನಿಂಗ್ ಮುಗಿಸಿ ಬಂದಿದ್ದಾರಾ? ಮುಂದಿನ ಬಂಪರ್, ಹೆಡ್‌ಲೈಟ್ ಬೇಕೆಂದರೆ ಎಷ್ಟು ದಿನಕ್ಕೆ ಬರುತ್ತದೆ? ಈ ಎರಡನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಹೊಸ ಗಾಡಿಗೆ ವೇಟಿಂಗ್ ಇರುವಾಗ ಬಂದ ಬಿಡಿಭಾಗವೆಲ್ಲ ಕಾರ್ಖಾನೆಯ ಲೈನಿಗೆ ಹೋಗುತ್ತದೆ, ಸ್ಪೇರ್ ಅಂಗಡಿಗೆ ಬರುವುದು ಕಡಿಮೆ. ನಮ್ಮಲ್ಲಿ ಒಮ್ಮೆ ಬೈಕ್ ತಾಗಿ ಒಡೆದ ಒಂದು ಎಲ್‌ಇಡಿ ಹೆಡ್‌ಲೈಟಿಗಾಗಿ ಹೊಸ ಗಾಡಿಯೊಂದು ಒಂದೂವರೆ ತಿಂಗಳು ನಿಂತಿತ್ತು. ಇನ್ಶೂರೆನ್ಸ್‌ನವರು ದುಡ್ಡು ಮಂಜೂರು ಮಾಡಿ ಆಗಿತ್ತು, ಲೈಟೇ ಬರಲಿಲ್ಲ.

ಕ್ರ್ಯಾಶ್ ಟೆಸ್ಟ್ ಫಲಿತಾಂಶದ ಮೇಲೂ ಕಣ್ಣಿಡಿ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದು ಕಡ್ಡಾಯವಲ್ಲ, ಕಂಪನಿ ತಾನಾಗಿ ಗಾಡಿ ಕೊಡಬೇಕು. ದೀಪಾವಳಿ ಹೊತ್ತಿಗೂ ಸ್ಟಾರ್ ಬಂದಿಲ್ಲದಿದ್ದರೆ ಯಾಕೆ ಬಂದಿಲ್ಲ ಅಂತ ಕೇಳುವ ಹಕ್ಕು ನಿಮಗಿದೆ.

ಈಗಲೇ ಬುಕಿಂಗ್ ದುಡ್ಡು ಕಟ್ಟಿ ಸರದಿಯಲ್ಲಿ ನಿಲ್ಲಬಹುದಲ್ವಾ ಅಂತ ನೀವು ಕೇಳಬಹುದು. ನಿಲ್ಲಬಹುದು, ರದ್ದು ಮಾಡಿದರೆ ಪೂರ್ತಿ ವಾಪಸ್ ಅಂತ ಫಾರ್ಮಿನಲ್ಲಿ ಬರೆದಿದ್ದರೆ ಮಾತ್ರ. ಬಾಯಿಮಾತು ಬೇಡ. ಜೊತೆಗೆ ಇನ್ನೊಂದು ಸಾಲು ಓದಿ: ಬೆಲೆ ಬುಕಿಂಗ್ ದಿನದ್ದಾ, ಡೆಲಿವರಿ ದಿನದ್ದಾ? ಡೆಲಿವರಿ ದಿನದ್ದು ಅಂತ ಇದ್ದರೆ, ಶೋರೂಂನವರು ಹೇಳುವ ಆರಂಭದ ಬೆಲೆ ನಿಮಗೆ ಸಿಗುತ್ತದೆ ಅನ್ನುವ ಖಾತ್ರಿಯೇ ಇಲ್ಲ. ಮೊದಲು ಅದನ್ನು ಬಗೆಹರಿಸಿಕೊಳ್ಳಿ.

ತಗೊಂಡ ಮೇಲಿನ ಮಾತು ಎರಡೇ. ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್ ಆದ್ದರಿಂದ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮೊದಲೇ ಸೇರಿಸಿಕೊಳ್ಳಿ, ಸೀಟ್ ಕವರ್, ಕ್ರೋಮ್ ಪಟ್ಟಿ ಬಿಟ್ಟರೂ ಚಿಂತೆಯಿಲ್ಲ. ಏನೇ ದೂರಿಗೆ ಹೋದರೂ ಜಾಬ್ ಕಾರ್ಡಿನಲ್ಲಿ, ಅಂದರೆ ವರ್ಕ್‌ಶಾಪ್‌ನವರು ದೂರು ಬರೆದುಕೊಳ್ಳುವ ಕಾಗದದಲ್ಲಿ, ನಿಮ್ಮ ಮಾತಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಜನರಲ್ ಚೆಕಪ್ ಅಂತ ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಒಂದೇ ತೊಂದರೆ ಮತ್ತೆ ಮತ್ತೆ ಬಂದರೆ ಗ್ರಾಹಕರ ಸಹಾಯವಾಣಿ 1915 ಇದೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾನೂನಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಹೋಗಬೇಕಾಗಿಲ್ಲ. ಅಲ್ಲಿ ನಿಮ್ಮ ಪರ ಮಾತಾಡುವುದು ಆ ಜಾಬ್ ಕಾರ್ಡ್‌ಗಳು.

ಅಕ್ಟೋಬರ್‌ನಲ್ಲಿ ಶೋರೂಂಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಹಿಂದಿನ ಬಾಗಿಲು ತೆರೆದು ಅವರೇ ಹತ್ತಿ ಇಳಿಯಲಿ. ಎಸ್‌ಯುವಿಯ ಎತ್ತರ ನಿಮಗೆ ಇಷ್ಟವಾದರೂ ಅವರ ಮಂಡಿಗೆ ಕಷ್ಟವಾಗಬಹುದು. ಎಲ್ಲ ಸರಿ ಅನ್ನಿಸಿದರೆ ಬುಕ್ ಮಾಡಿ, ಬುಕಿಂಗ್ ಫಾರ್ಮಿನಲ್ಲಿ ಸೆಪ್ಟೆಂಬರ್ ನಂತರ ತಯಾರಾದ ಗಾಡಿಯೇ ಬೇಕು ಅಂತ ಬರೆಸಿ. ಡೆಲಿವರಿ ದಿನ ಹೂವಿನ ಹಾರ ಹಾಕುವ ಮುಂಚೆ ಚಾಸಿ ನಂಬರ್ ನೋಡಿ, ತಯಾರಾದ ತಿಂಗಳು ಕೇಳಿ. ಮೇ ತಿಂಗಳಿಂದ ಯಾರ್ಡಿನಲ್ಲಿ ಮಳೆಗೆ ನಿಂತ ಗಾಡಿ ತೋರಿಸಿದರೆ, ಹಬ್ಬ ಇದೆ ಅಂತ ಸಂಕೋಚ ಬೇಡ, ಇನ್ನೊಂದು ತರಿಸಿ ಅನ್ನಿ.